ವಾಡಿಕೆ ಮಳೆ ಅಂದ್ರೆ ಯಾರ ವಾಡಿಕೆ?

ನಿನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಒಬ್ಬರು, "ಈ ಸಲ ಮಳೆ ಚೆನ್ನಾಗಿದೆ, ನಿಮ್ಮಪ್ಪನಿಗೆ ಖುಷಿ ಅಲ್ವಾ?" ಅಂದರು. ಅವರದ್ದೇನೂ ತಪ್ಪಿಲ್ಲ ಬಿಡಿ. ಬೆಂಗಳೂರಿನಲ್ಲಿ ನಮಗೆ ಮಳೆ ಅಂದರೆ ಸಿಲ್ಕ್ ಬೋರ್ಡ್ ಹತ್ತಿರ ನಿಂತ ನೀರು, ಇಲ್ಲಾ ಟೀವಿಯಲ್ಲಿ ಬರೋ ಲೆಕ್ಕ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಬಿದ್ದರೆ ವಾಡಿಕೆ ಮಳೆ, ಎಲ್ಲರೂ ನಿರಾಳ. ಮಾಗಡಿ ಕಡೆ ಇರುವ ನಮ್ಮ ಎರಡು ಎಕರೆ ರಾಗಿ ಹೊಲಕ್ಕೆ ಇಂಥ ಒಟ್ಟು ಲೆಕ್ಕದಿಂದ ಮೂರು ಕಾಸಿನ ಉಪಯೋಗ ಇಲ್ಲ.

ಅಪ್ಪ ಮಳೆಯನ್ನು ತಿಂಗಳಲ್ಲಿ ಎಣಿಸೋದೇ ಇಲ್ಲ, ನಕ್ಷತ್ರದಲ್ಲಿ ಎಣಿಸೋದು. ಭರಣಿ ಮಳೆಗೆ ಉಳುಮೆ, ಪುನರ್ವಸು, ಪುಷ್ಯಕ್ಕೆ ಬಿತ್ತನೆ, ಕಾಳು ಕಟ್ಟೋ ಹೊತ್ತಿಗೆ ಉತ್ತರೆ, ಹಸ್ತದಲ್ಲಿ ಎರಡು ಹದ ಮಳೆ, ಆಮೇಲೆ ಸುಮ್ನೆ ಬಿಸಿಲು ಬೇಕು. ಜಿಪಿಯು-28 ಅನ್ನೋ ರಾಗಿ ತಳಿ ಹೆಚ್ಚುಕಮ್ಮಿ ಮೂರೂಮುಕ್ಕಾಲು ತಿಂಗಳ ಬೆಳೆ. ಒಂದೊಂದು ನಕ್ಷತ್ರಕ್ಕೆ ಹದಿಮೂರು, ಹದಿನಾಲ್ಕು ದಿನ. ಒಂದು ತಪ್ಪಿದರೆ ಮುಂದಿನದು ಎಷ್ಟು ಹುಯ್ದರೂ ಅಷ್ಟೇ.

2021ರ ನವೆಂಬರ್ ನೆನಪಿದೆಯಾ? ಇಲ್ಲಿ ನಾವು ಟೊಮೆಟೊ ರೇಟು ನೋಡಿ ಬೈಕೊಂಡು ಓಡಾಡಿದ ಮಳೆ. ಊರಲ್ಲಿ ಅರ್ಧ ಹೊಲ ಕೊಯ್ದು, ಒಣಗಲಿ ಅಂತ ಸಾಲಾಗಿ ಹರಡಿ ಅರಿ ಹಾಕಿದ್ದರು, ಇನ್ನರ್ಧ ನಿಂತಿತ್ತು. ಮೋಡ ಬಿಡಲೇ ಇಲ್ಲ. ನಿಂತ ಪೈರು ಮಲಗಿತು. ಶನಿವಾರ ಹೋದವನು ಅರಿಯಿಂದ ಒಂದು ತೆನೆ ಎತ್ತಿ ಬಿಡಿಸಿದೆ. ಒಳಗೆಲ್ಲ ಬೆಚ್ಚಗೆ, ಬೂಸ್ಟು ವಾಸನೆ, ಒಂದೊಂದು ಕಾಳಿನ ತುದಿಯಲ್ಲೂ ಕೂದಲೆಳೆಯಷ್ಟು ಬಿಳಿ ಮೊಳಕೆ. "ಮಾಲ್ಟ್ ಮಾಡೋಕೆ ಬಟ್ಟೆ ಕಟ್ಟೋ ಕೆಲಸ ಉಳೀತು" ಅಂದಳು ಅಮ್ಮ. ಯಾರೂ ನಗಲಿಲ್ಲ. ಹುಲ್ಲು ಕಪ್ಪಾಗಿ ದನಗಳೂ ಮೂಸಿ ಬಿಟ್ಟವು. ರಾಗಿ ನಡುವೆ ಹಾಕಿದ ಅಕ್ಕಡಿ ಸಾಲಿನ ಅವರೆಯಾದರೂ ಕೈ ಹಿಡಿಯುತ್ತೆ ಅಂದುಕೊಂಡರೆ ಅದರ ಹೂವೂ ಉದುರಿತ್ತು.

ಬೆಳೆ ವಿಮೆ ಇತ್ತಲ್ಲ ಅಂತೀರಾ? ಇತ್ತು. ಕೊಯ್ದು ಹರಡಿದ ಬೆಳೆ ನೆನೆದರೆ 72 ಗಂಟೆಯೊಳಗೆ ತಿಳಿಸಬೇಕಂತೆ. ಕಂತು ಕಟ್ಟಿಸಿಕೊಂಡವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನಾವು ಫೋನ್ ಮಾಡಿದ್ದು ಐದನೇ ದಿನ.

2023ರಲ್ಲಿ ಇದಕ್ಕೆ ಉಲ್ಟಾ. ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು.

ನನ್ನ ಜಗಳ ಇಷ್ಟೇ. ಎಷ್ಟು ಮಳೆ ಬಿತ್ತು ಅನ್ನೋದನ್ನ ಬಿಟ್ಟು ಯಾವಾಗ ಬಿತ್ತು, ಎಷ್ಟು ದಿನ ಬಿಡುವು ಕೊಡ್ತು ಅಂತ ಯಾಕೆ ಯಾರೂ ಹೇಳಲ್ಲ? ಇವತ್ತು ಬೆಳಿಗ್ಗೆ ಅಪ್ಪ ಫೋನ್ ಮಾಡಿದ್ದರು. ನಿನ್ನ ಮೊಬೈಲು ಏನನ್ನುತ್ತೆ ನೋಡು ಅಂದರು. ನಾಳೆ ಮಳೆ ಬರೋ ಸಾಧ್ಯತೆ 60 ಪರ್ಸೆಂಟ್ ಅಂದೆ.

"ಸರಿ. ಬಿತ್ತಲಾ, ಬೇಡ್ವಾ?"