ಓನರ್ ಹತ್ತಿರ ಇರುವ ಇನ್ನೊಂದು ಕೀ

ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಇದು ಗೊತ್ತು. ಮನೆ ಬೀಗದ ಒಂದು ಕೀ ಓನರ್ ಹತ್ತಿರ ಇದ್ದೇ ಇರುತ್ತದೆ. ಕೇಳಿದರೆ "ಎಮರ್ಜೆನ್ಸಿಗೆ ಇರ್ಲಿ ಅಂತ" ಅನ್ನುತ್ತಾರೆ. ಅದು ಯಾವ ಎಮರ್ಜೆನ್ಸಿ, ಯಾರು ತೀರ್ಮಾನ ಮಾಡುವುದು ಅಂತ ನಾವೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಬಾಡಿಗೆಗೆ ಇರುವವರನ್ನು ಕೇಳದೆ ಓನರ್ ಆ ಮನೆಯೊಳಗೆ ಕಾಲಿಡುವುದು ತಪ್ಪು. ಇದು ಇನ್ನೂ ನಡೆಯುತ್ತಿರುವುದಕ್ಕೆ ಕಾನೂನು ಇಲ್ಲದಿರುವುದು ಕಾರಣ ಅಲ್ಲ. ನಮ್ಮ ಅಡ್ವಾನ್ಸ್ ಅವರ ಹತ್ತಿರ ಇರುವುದು ಕಾರಣ.

ಹಿಂದೆ ನಾವಿದ್ದ ಮನೆಯ ಕಥೆ ಹೇಳುತ್ತೇನೆ. ಕೆಳಗೆ ಓನರ್, ಮೇಲೆ ನಾವು. ಖಾಲಿ ಮಾಡುತ್ತೇವೆ ಅಂತ ಮೊದಲೇ ತಿಳಿಸಿದ್ದೆವು, ಗೇಟಿಗೆ ಟು-ಲೆಟ್ ಬೋರ್ಡೂ ಬಿದ್ದಿತ್ತು. ಒಂದು ದಿನ ಹೆಂಡತಿ ತಲೆನೋವು ಅಂತ ಆಫೀಸಿಂದ ಮಧ್ಯಾಹ್ನವೇ ಬಂದಳು. ನೋಡಿದರೆ ಬಾಗಿಲು ತೆಗೆದೇ ಇದೆ, ಹೊರಗೆ ಯಾರದ್ದೋ ಚಪ್ಪಲಿಗಳು. ಒಳಗೆ ಓನರ್ ಆಂಟಿ, ಬ್ರೋಕರ್, ಮನೆ ನೋಡಲು ಬಂದ ಗಂಡ-ಹೆಂಡತಿ. ಬಂದಾಕೆ ನಮ್ಮ ವಾರ್ಡ್‌ರೋಬ್ ತೆಗೆದು ಎಷ್ಟು ಜಾಗ ಇದೆ ಅಂತ ನೋಡುತ್ತಿದ್ದರು. ಬ್ರೋಕರ್ ಬಾತ್‌ರೂಮಿನ ಗೀಸರ್ ತೋರಿಸುತ್ತಿದ್ದ. ಅಲ್ಲೇ ಹಗ್ಗದ ಮೇಲೆ ಇವಳ ಒಳಬಟ್ಟೆ ಒಣಗುತ್ತಿತ್ತು. ಆಂಟಿ ಇವಳನ್ನು ನೋಡಿ, "ಬಾಮ್ಮಾ, ಏನಿವತ್ತು ಬೇಗ ಬಂದ್ಬಿಟ್ಟೆ?" ಅಂದರು. ಇವಳೇ ಅವರ ಮನೆಗೆ ಬಂದ ಹಾಗೆ!

"ಒಂದು ಫೋನ್ ಮಾಡ್ಬಹುದಿತ್ತಲ್ವಾ ಆಂಟಿ?" ಅಂತ ಕೇಳಿದ್ದಕ್ಕೆ, "ನಮ್ಮನೆಗೆ ನಾವು ಬರೋಕೂ ನಿಮ್ಮನ್ನ ಕೇಳ್ಬೇಕಾ?" ಅಂದರು. ಕೋಪ ಏನೂ ಇರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟುಕೊಂಡೇ ಕೇಳಿದರು. ರಾತ್ರಿ ನಾನು ಹೋಗಿ ಮಾತಾಡೋಣ ಅಂತ ಹೊರಟೆ. ಇವಳೇ ತಡೆದಳು. "ಅಡ್ವಾನ್ಸ್ ವಾಪಸ್ ಬರ್ಲಿ ಸುಮ್ನಿರಿ." ಸುಮ್ಮನಾದೆವು. ಕೊನೆಗೆ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡೇ ಕೊಟ್ಟರು, ಅದು ಬೇರೆ ಮಾತು.

ಆಂಟಿ ಕೇಳಿದ ಪ್ರಶ್ನೆಗೆ ಉತ್ತರ ಇದೆ. ಮನೆಯ ಮಾಲೀಕತ್ವ ಅವರದು, ಸ್ವಾಧೀನ ನಮ್ಮದು. ಬಾಡಿಗೆ ಇಸ್ಕೊಂಡು ಅವರು ಬಿಟ್ಟುಕೊಟ್ಟಿರುವುದೇ ಆ ಸ್ವಾಧೀನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಓದಿ. ಬಾಡಿಗೆ ಕಟ್ಟಿಕೊಂಡು, ಷರತ್ತು ಪಾಲಿಸಿಕೊಂಡು ಇರುವ ತನಕ ಬಾಡಿಗೆದಾರ ಯಾರ ಅಡ್ಡಿಯೂ ಇಲ್ಲದೆ ಆ ಮನೆಯಲ್ಲಿ ಇರಬಹುದು ಅನ್ನುತ್ತದೆ. ಅದೇ ಕಲಂ ಓನರಿಗೂ ಒಂದು ಹಕ್ಕು ಕೊಟ್ಟಿದೆ. ಮನೆ ಹೇಗಿದೆ ಅಂತ ಅವರು ಬಂದು ನೋಡಬಹುದು, ಆದರೆ ಸಮಂಜಸವಾದ ಹೊತ್ತಿನಲ್ಲಿ. ಬ್ರಿಟಿಷರ ಕಾಲದಲ್ಲೇ ಇಷ್ಟು ಯೋಚನೆ ಮಾಡಿ ಬರೆದಿಟ್ಟಿದ್ದಾರೆ. ಒಂದೇ ಎಚ್ಚರಿಕೆ: ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿದ್ದರೆ ಅದು ನಡೆಯುತ್ತದೆ. ನಾವೋ, ಟೈಪಿಂಗ್ ಅಂಗಡಿಯವನು ಯಾರದೋ ಹಳೇ ಅಗ್ರಿಮೆಂಟಿಗೆ ನಮ್ಮ ಹೆಸರು ಹಾಕಿ ಕೊಟ್ಟಿದ್ದಕ್ಕೆ ಓದದೆ ಸಹಿ ಹಾಕುವ ಜನ.

ಕ್ರಿಮಿನಲ್ ಕಾನೂನೂ ಹೀಗೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅತಿಕ್ರಮ ಪ್ರವೇಶದ ಬಗ್ಗೆ ಹೇಳುತ್ತದೆ. ಅಲ್ಲಿ ಇರುವುದು "ಇನ್ನೊಬ್ಬರ ಸ್ವಾಧೀನದಲ್ಲಿರುವ ಜಾಗ" ಅಂತ, "ಇನ್ನೊಬ್ಬರ ಮಾಲೀಕತ್ವದ ಜಾಗ" ಅಂತ ಅಲ್ಲ. ಹಾಗಂತ ಓನರ್ ಒಳಗೆ ಬಂದ ಕೂಡಲೇ ಕೇಸ್ ಆಗುವುದಿಲ್ಲ. ಹೆದರಿಸಬೇಕು, ಅವಮಾನ ಮಾಡಬೇಕು, ಕಿರಿಕಿರಿ ಕೊಡಬೇಕು ಅಥವಾ ಅಪರಾಧ ಮಾಡಬೇಕು ಅನ್ನುವ ಉದ್ದೇಶ ಇತ್ತು ಅಂತ ತೋರಿಸಬೇಕು. ಮನೆ ತೋರಿಸಲು ಬಂದ ಆಂಟಿ ಮೇಲೆ ಅದು ನಿಲ್ಲುವುದು ಕಷ್ಟ. ರಾತ್ರಿ ಹನ್ನೊಂದಕ್ಕೆ ಕೀ ಹಾಕಿ ತೆಗೆದು "ಯಾರ್ ಬಂದಿದಾರೆ ಒಳಗೆ?" ಅಂತ ಕಿರುಚುವ ಓನರ್ ಮೇಲೆ ನಿಲ್ಲಬಹುದು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದೆಲ್ಲ ಇನ್ನೂ ಸ್ಪಷ್ಟವಾಗಿದೆ. ಓನರ್ ಒಳಗೆ ಬರಬೇಕಾದರೆ ಕನಿಷ್ಠ 24 ಗಂಟೆ ಮೊದಲು ಬರಹದಲ್ಲಿ ತಿಳಿಸಬೇಕು, ಮೊಬೈಲ್ ಮೆಸೇಜ್ ಥರದ್ದೂ ನಡೆಯುತ್ತದೆ. ಅದೇ ಕಾಯ್ದೆ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಇರಬಾರದು ಅನ್ನುತ್ತದೆ. ಆದರೆ ಹೆಸರೇ ಹೇಳುವ ಹಾಗೆ ಅದು ಮಾದರಿ ಅಷ್ಟೇ. ರಾಜ್ಯ ತನ್ನ ಕಾನೂನು ಮಾಡಿಕೊಳ್ಳದೆ ಜಾರಿ ಆಗಲ್ಲ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೋ, ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ವಾಸದ ಮನೆಯನ್ನು ಹೊರಗಿಟ್ಟೇ ಬರೆದದ್ದು. ಇವತ್ತು 3,500ಕ್ಕೆ ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕಿದರೆ ಪುಣ್ಯ.

ಈ ಎರಡು ಅಂಶ, 24 ಗಂಟೆ ಮತ್ತು ಎರಡು ತಿಂಗಳು, ಒಂದೇ ಕಾಯ್ದೆಯಲ್ಲಿ ಇರುವುದು ನನಗೆ ಬಹಳ ಸರಿ ಅನ್ನಿಸುತ್ತದೆ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಅವರ ಕೈಲಿಟ್ಟು ಕೂತವನಿಗೆ "ಸಾರ್, ಹೇಳಿ ಬನ್ನಿ" ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಮಾತಾಡಿದರೆ ಮುಖ ಮುರಿಯುತ್ತದೆ. ಮುಖ ಮುರಿದರೆ ಖಾಲಿ ಮಾಡುವಾಗ ಗೋಡೆಯ ಒಂದೊಂದು ಮೊಳೆ ತೂತಿಗೂ ದುಡ್ಡು ಹಿಡಿಯುತ್ತಾರೆ. ಈಚೆಗೆ ಆರು ತಿಂಗಳಿಗೆ ಒಪ್ಪುವ ಓನರ್‌ಗಳೂ ಇದ್ದಾರೆ ನಿಜ, ಆದರೆ ಅದೂ ದೊಡ್ಡ ಮೊತ್ತವೇ.

"ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ" ಅಂತ ಕೆಲವರು ವಾದಿಸುತ್ತಾರೆ. ಹೇಳಿದೆ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದೆ. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಅದು ಮುಖ್ಯವಾಗಿ ಸರ್ಕಾರದ ವಿರುದ್ಧ ಇರುವ ಹಕ್ಕು. ಓನರ್ ಬಾಗಿಲಲ್ಲಿ ನಿಂತಾಗ ನಮಗೆ ಕೆಲಸಕ್ಕೆ ಬರುವುದು ಅಗ್ರಿಮೆಂಟು ಮತ್ತು ಮೇಲೆ ಹೇಳಿದ 1882ರ ಹಳೇ ಕಾಯ್ದೆ.

ಇದರ ಬಿಸಿ ಎಲ್ಲರಿಗೂ ಒಂದೇ ಥರ ತಟ್ಟುವುದಿಲ್ಲ. ನಾವು ಮದುವೆಯಾದವರು, ನಮಗೆ ಮುಜುಗರದಲ್ಲಿ ಮುಗಿಯಿತು. ಒಬ್ಬಳೇ ಇರುವ ಹುಡುಗಿಗೆ ಅದು ಭಯ. ಊರಿಂದ ಬಂದು ರೂಮ್ ಮಾಡಿಕೊಂಡ ಹುಡುಗರ ಅಡುಗೆ ಮನೆಗೆ ನುಗ್ಗಿ ಪಾತ್ರೆ ಮುಚ್ಚಳ ತೆಗೆದು, ಮಾಂಸ ಮಾಡಿದ್ದಾರಾ ಅಂತ ನೋಡುವವರಿದ್ದಾರೆ. "ನಲ್ಲಿ ಸೋರ್ತಿದೆಯಾ ಅಂತ ನೋಡೋಕ್ ಬಂದೆ" ಅನ್ನುತ್ತಾರೆ, ಫ್ರಿಜ್ ತೆಗೆಯುತ್ತಾರೆ. ಫ್ರಿಜ್ಜಿನೊಳಗೆ ಯಾವ ನಲ್ಲಿ ಸ್ವಾಮೀ? ಈಗ ಸಿಸಿಟಿವಿ ಬೇರೆ. ಗೇಟಿಗೆ, ಮೆಟ್ಟಿಲಿಗೆ ಹಾಕಲಿ, ಒಳ್ಳೆಯದೇ. ನೇರ ನಮ್ಮ ಬಾಗಿಲಿಗೇ ಗುರಿ ಇಟ್ಟು, "ನಿನ್ನೆ ನಿಮ್ಮನೆಗೆ ಬಂದಿದ್ದೋರು ಯಾರು?" ಅಂತ ಕೇಳಿದರೆ ಅದು ಸೆಕ್ಯುರಿಟಿ ಅಲ್ಲ.

ಓನರ್‌ಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಪಿಎಫ್ ದುಡ್ಡೆಲ್ಲ ಹಾಕಿ, ಸಾಲ ಮಾಡಿ ಮೇಲೊಂದು ಮಹಡಿ ಕಟ್ಟಿದವರು ಇದ್ದಾರೆ. ಆ ಬಾಡಿಗೆಯಲ್ಲೇ ಅವರ ಮಾತ್ರೆ, ಅವರ ಕರೆಂಟ್ ಬಿಲ್. ಬಾಡಿಗೆಗೆ ಬಂದವನು ತಿಂಗಳುಗಟ್ಟಲೆ ದುಡ್ಡು ಕೊಡದೆ ಸತಾಯಿಸಿದ ಕಥೆಯೂ ಪ್ರತಿ ಬೀದಿಯಲ್ಲಿ ಇದೆ. ನಾವು ಹಬ್ಬಕ್ಕೆ ಊರಿಗೆ ಹೋದಾಗ ಪೈಪ್ ಒಡೆದು ಕೆಳಗಿನ ಸೀಲಿಂಗಿನಿಂದ ನೀರು ತೊಟ್ಟಿಕ್ಕಿದರೆ ಅವರು ಕಾಯುತ್ತಾ ಕೂರಬೇಕು ಅಂತ ಯಾರೂ ಹೇಳಲ್ಲ. ಬಾಗಿಲು ತೆಗೆಯಲಿ. ತೆಗೆಯುವ ಮೊದಲು ಒಂದು ಫೋನ್ ಮಾಡಲಿ, ಸಾಧ್ಯವಾದರೆ ವಿಡಿಯೋ ಕಾಲ್ ಹಾಕಿಕೊಂಡೇ ಪ್ಲಂಬರ್ ಜೊತೆ ಒಳಗೆ ಹೋಗಲಿ. ಈಗ ನಾವಿರುವ ಮನೆಯ ಅಂಕಲ್ ಹಾಗೇ ಮಾಡುತ್ತಾರೆ. ಟ್ಯಾಂಕ್ ಕ್ಲೀನ್ ಮಾಡುವವರು ನಮ್ಮ ಬಾಲ್ಕನಿಯಿಂದ ಹತ್ತಬೇಕಾದರೂ ಹಿಂದಿನ ದಿನವೇ ವಾಟ್ಸಾಪ್ ಬರುತ್ತದೆ.

ಹೊಸ ಮನೆ ಹುಡುಕುತ್ತಿರುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಅಡ್ವಾನ್ಸ್ ಕೊಡುವ ಮೊದಲು ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿ: ತುರ್ತು ಇಲ್ಲದಿದ್ದರೆ ಒಂದು ದಿನ ಮೊದಲು ತಿಳಿಸಿ, ನಾವು ಇರುವಾಗಲೇ ಬರಬೇಕು. ದುಡ್ಡು ಕೈ ಬದಲಾದ ಮೇಲೆ ಯಾರೂ ಈ ಸಾಲು ಸೇರಿಸಲ್ಲ. ಅಗ್ರಿಮೆಂಟಿನಲ್ಲಿ ಬೇಡ ಅಂತ ಇಲ್ಲದಿದ್ದರೆ ಬೀಗ ಬದಲಾಯಿಸಿ, ಹಳೆಯದನ್ನು ಜೋಪಾನವಾಗಿ ಇಡಿ, ಖಾಲಿ ಮಾಡುವಾಗ ಅದನ್ನೇ ಹಾಕಿ ಹೋಗಿ. ಹೇಳದೆ ಒಳಗೆ ಬಂದರೆ ಅವತ್ತೇ ಮರ್ಯಾದೆಯಿಂದ ಒಂದು ಮೆಸೇಜ್ ಹಾಕಿ: "ಅಂಕಲ್, ಇವತ್ತು ಮಧ್ಯಾಹ್ನ ನಾವಿಲ್ಲದಾಗ ಬಂದಿದ್ರಂತೆ, ಇನ್ಮೇಲೆ ದಯವಿಟ್ಟು ಮುಂಚೆ ತಿಳಿಸಿ." ಜಗಳ ಬೇಡ, ದಾಖಲೆ ಇರಲಿ. ಬೆದರಿಕೆ ಹಾಕಿದರೆ 112ಕ್ಕೆ ಫೋನ್ ಮಾಡಿ. ಸಾಮಾನು ಹೊರಗೆಸೆದು ಬೀಗ ಹಾಕಿಕೊಂಡರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಮನೆ ಯಾರ ಹೆಸರಲ್ಲಿದೆ ಅನ್ನುವುದು ಅಲ್ಲಿ ಅಡ್ಡ ಬರುವುದಿಲ್ಲ.

ಮನೆ ನೋಡಲು ಹೋದಾಗ ನೀರು, ಪಾರ್ಕಿಂಗ್ ಎಲ್ಲ ವಿಚಾರಿಸುತ್ತೇವಲ್ಲ, ಹಾಗೇ ಇನ್ನೊಂದು ಕೀ ಬಗ್ಗೆಯೂ ಕೇಳಿ. ಕೇಳಿದ್ದಕ್ಕೇ ಓನರ್ ಮುಖ ಗಂಟಿಕ್ಕಿದರೆ ಆ ಮನೆ ಬಿಟ್ಟುಬಿಡಿ. ಈ ಊರಲ್ಲಿ ಟು-ಲೆಟ್ ಬೋರ್ಡಿಗೆ ಬರ ಇಲ್ಲ.