ಹತ್ತನೇ ದಿನದ ಮಾತು

ಧ್ಯಾನಕ್ಕೆ ಜನರಿಂದ ದೂರ ಹೋಗಲೇಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಧ್ಯಾನ ಗುರು ಎಸ್. ಎನ್. ಗೋಯೆಂಕಾ ಅವರ ಪರಂಪರೆಯ 10 ದಿನದ ವಿಪಸ್ಸನ (ಮೈಯ ಸಂವೇದನೆಗಳನ್ನು ಗಮನಿಸುವ, ಬೌದ್ಧ ಮೂಲದ ಧ್ಯಾನ) ಶಿಬಿರಕ್ಕೆ ನಾನೂ ಹೋಗಿದ್ದೆ. ಬೆಳಗಿನ ಜಾವ 4ಕ್ಕೇ ಎಬ್ಬಿಸುವ ಗಂಟೆ. ಮೊದಲ ಮೂರು ದಿನ ಬರೀ ಉಸಿರು ಗಮನಿಸುವುದು. ಮಾತಿಲ್ಲ, ಫೋನಿಲ್ಲ. (ಮಂಡಿನೋವು ಮಾತ್ರ ಜಾಸ್ತಿ!)

ಆದರೆ ಹತ್ತನೇ ದಿನ ಮೌನ ಮುರಿಯುತ್ತದಲ್ಲ, ನನಗೆ ಮುಖ್ಯ ಅನ್ನಿಸಿದ್ದು ಅದೇ. ಪಕ್ಕದಲ್ಲಿ ಕೂತು ದಿನವಿಡೀ ಕೆಮ್ಮುತ್ತಿದ್ದವರು ಬಸ್ ಕಂಡಕ್ಟರ್ ಅಂತ ಆಗಲೇ ಗೊತ್ತಾಗಿದ್ದು. "ನಿಮ್ಮ ಧ್ಯಾನ ಕೆಡಿಸಿದೆ ಅಲ್ವಾ ಸಾರ್" ಅಂತ ನಕ್ಕರು. ಆಮೇಲೆ ಊಟದ ತನಕ ಮಾತಾಡಿದ್ದೇ ಮಾತಾಡಿದ್ದು. ಅದೂ ಧ್ಯಾನದ ಭಾಗವೇ ಅಂತ ನನ್ನ ಅನಿಸಿಕೆ.

ಲೇಖನದಲ್ಲಿ ಬದುಕಿನ ಅರ್ಥ ಏನು ಅಂತಲೂ ಕೇಳಿದ್ದೀರಿ, ಅದು ಇರಲಿ. ಶಿಬಿರ ಮುಗಿಸಿ ಮನೆಗೆ ಬಂದ ಮೇಲಿನ ವಾರದ ಬಗ್ಗೆ ಒಮ್ಮೆ ಬರೆಯಿರಿ.