ಎರಡೂವರೆ ಗಂಟೆಯ ಸೂಪು

ಈರುಳ್ಳಿ ಐದೇ ನಿಮಿಷದಲ್ಲಿ ಕೆಂಪಗಾಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ಮೊನ್ನೆ ಫೋನಿನಲ್ಲಿ ನೋಡಿದ ಅಡುಗೆ ವಿಡಿಯೊದಲ್ಲಿ ಒಬ್ಬಾಕೆ ಹಾಗೇ ಹೇಳಿದಳು. ಬಾಣಲೆಗೆ ಹಸಿ ಈರುಳ್ಳಿ ಸುರಿದಳು, ಒಂದು ಸಲ ಸೌಟು ಆಡಿಸಿದಳು, ವಿಡಿಯೊ ಟಕ್ಕನೆ ಹಾರಿತು. ಈರುಳ್ಳಿ ಬೆಲ್ಲದ ಬಣ್ಣಕ್ಕೆ ಬಂದಿತ್ತು. ನಡುವೆ ಕತ್ತರಿಸಿ ಬಿಸಾಡಿದ ಅರ್ಧ ಗಂಟೆ ಯಾರ ಲೆಕ್ಕಕ್ಕೆ? ಒಲೆ ಮುಂದೆ ನಿಂತವರ ಲೆಕ್ಕಕ್ಕೆ, ಅಲ್ವಾ?

ಇಂಥ ಸಿಟ್ಟು ಬಂದಾಗ ನಾನು ಕಪಾಟಿನಿಂದ ತೆಗೆಯುವುದು ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’. ಜೂಲಿಯಾ ಚೈಲ್ಡ್, ಸಿಮೋನ್ ಬೆಕ್, ಲೂಯಿಸೆಟ್ ಬರ್ಥೋಲ್ ಮೂವರೂ ಸೇರಿ ಅಮೆರಿಕದ ಮನೆಗಳಿಗಾಗಿ ಬರೆದ 1961ರ ಫ್ರೆಂಚ್ ಅಡುಗೆಯ ಪುಸ್ತಕ. ಅದರಲ್ಲಿ ಈರುಳ್ಳಿ ಸೂಪಿನ ಪುಟ ತೆಗೆದರೆ ಮೊದಲೇ ಎಚ್ಚರಿಕೆ: ಎರಡೂವರೆ ಗಂಟೆಯಾದರೂ ಬೇಕು. ಬೆಣ್ಣೆ, ಎಣ್ಣೆಯಲ್ಲಿ ಮುಚ್ಚಳ ಮುಚ್ಚಿ 15 ನಿಮಿಷ. ಮುಚ್ಚಳ ತೆಗೆದು, ಉಪ್ಪು, ಚೂರು ಸಕ್ಕರೆ ಹಾಕಿ, ಕೈಯಾಡಿಸುತ್ತಾ 30ರಿಂದ 40 ನಿಮಿಷ. ಆಮೇಲೆ ಮೈದಾ, ಕುದಿಯುವ ಸ್ಟಾಕು (ಎಲುಬು ಬೇಯಿಸಿ ಸೋಸಿದ ನೀರು), ವೈನು, ಮತ್ತೆ ಅಷ್ಟೇ ಹೊತ್ತು ಸಣ್ಣ ಉರಿ. ಓದಿದವರಿಗೆ ಸುಸ್ತಾಗಬೇಕು. ನನಗೆ ಮಾತ್ರ ಈಗಲೇ ಎದ್ದು ಒಲೆ ಹಚ್ಚೋಣ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ತಾಳಿ. ಅದಕ್ಕೆ ಮೊದಲು ಬ್ರೆಡ್ಡಿನ ಕಥೆ ಆಗಬೇಕು.

ಈ ಸೂಪಿನ ಮೇಲೆ ಗಟ್ಟಿಯಾಗಿ ಸುಟ್ಟ ಫ್ರೆಂಚ್ ಬ್ರೆಡ್ಡಿನ ಚೂರು ತೇಲಬೇಕು. ಫ್ರಾನ್ಸಿನಲ್ಲಿ ಅದನ್ನು ಮನೆಯಲ್ಲಿ ಮಾಡುವ ರೂಢಿ ಕಡಿಮೆ. ಬೀದಿಗೊಂದು ಬೇಕರಿ ಇರುವಾಗ ಯಾರಿಗೆ ಬೇಕು? ಆದರೆ ಅಮೆರಿಕದವರು ಎಲ್ಲಿಗೆ ಹೋಗಬೇಕು? ಅದಕ್ಕೆ 1970ರ ಎರಡನೇ ಸಂಪುಟಕ್ಕಾಗಿ ಜೂಲಿಯಾ ಬ್ರೆಡ್ಡಿನ ಹಿಂದೆ ಬಿದ್ದರು. ಗಂಡ ಪಾಲ್ ಕೂಡ ಹಿಟ್ಟು ನಾದಲು ಕೂತರು. ಅಮೆರಿಕದ ಮೈದಾ ಬೇರೆ, ಫ್ರಾನ್ಸಿನ ಹಿಟ್ಟು ಬೇರೆ. ಕೊನೆಗೆ ಪ್ಯಾರಿಸ್ಸಿಗೆ ಹೋಗಿ ರೇಮಂಡ್ ಕಾಲ್ವೆಲ್ ಎಂಬ ಬ್ರೆಡ್ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಂಡರು. ಅಷ್ಟು ಹೊತ್ತಿಗೆ ಮುಗಿಸಿದ ಹಿಟ್ಟು 284 ಪೌಂಡ್, ಅಂದರೆ ಸುಮಾರು 129 ಕೆಜಿ. ನಮ್ಮ ಕಡೆ ಒಂದು ಸಣ್ಣ ಮದುವೆಯ ಪೂರಿ ಮುಗಿಯುತ್ತಿತ್ತು!

ಇಷ್ಟಾದರೂ ಒಂದು ತೊಂದರೆ ಉಳಿಯಿತು. ಬೇಕರಿಯ ಓವನ್ನಿನಲ್ಲಿ ಹಬೆ ಬಿಡುತ್ತಾರೆ. ಮೇಲಿನ ಸಿಪ್ಪೆ ಗರಿಗರಿಯಾಗುವುದು ಅದರಿಂದಲೇ. ಮನೆಯಲ್ಲಿ ಹಬೆ ಎಲ್ಲಿಂದ ತರೋದು? ಉಪಾಯ ಹೀಗಿತ್ತು: ಓವನ್ನಿನೊಳಗೆ ಹಂಚು ಇಟ್ಟು ಕಾಯಿಸಿ, ತಳದಲ್ಲಿ ನೀರಿನ ತಟ್ಟೆ ಇಡಿ. ಒಲೆಯ ಮೇಲೆ ಒಂದು ಇಟ್ಟಿಗೆಯನ್ನು ಕೆಂಡದ ಹಾಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಆ ನೀರಿಗೆ ಬಿಡಿ. ಚುಂಯ್! ಹಂಚು ಆಗ ಆಸ್ಬೆಸ್ಟಾಸಿನದು, ಅದರ ಅಪಾಯ ಗೊತ್ತಾದ ಮೇಲೆ ಬಿಟ್ಟರು. ಇಟ್ಟಿಗೆಯ ಭಾಗವನ್ನು ನಾನು ಊಟ ಮಾಡುತ್ತಾ ಕೂಡ ಓದುತ್ತೇನೆ. ನನ್ನ ಬಳಿ ಓವನ್ ಇಲ್ಲ. ಇದ್ದಿದ್ದರೂ ಇಟ್ಟಿಗೆ ಕೈಗೆತ್ತಿಕೊಂಡ ತಕ್ಷಣ ಅತ್ತೆ ಅಕ್ಕಪಕ್ಕದವರನ್ನು ಕರೆಯುತ್ತಿದ್ದರು.

ಸೂಪು ಮಾತ್ರ ಮಾಡಿದೆ. ಪುಸ್ತಕ ಹೇಳುವ ದನದ ಎಲುಬಿನ ಸ್ಟಾಕಿನ ಬದಲು ತರಕಾರಿ ಬೇಯಿಸಿದ ನೀರು. ವೈನು ಇಲ್ಲ. ಮುಕ್ಕಾಲು ಗಂಟೆ ಕೈಯಾಡಿಸುವಾಗ ಅತ್ತೆ ಎರಡು ಸಲ ಬಂದು ಹೋದರು. “ಗ್ಯಾಸ್ ಏನು ಪುಗಸಟ್ಟೆ ಬರುತ್ತೇನಮ್ಮಾ?” ಉತ್ತರ ಕೊಡಲಿಲ್ಲ. ಬಾಣಲೆ ತುಂಬ ಇದ್ದ ಈರುಳ್ಳಿ ಅಷ್ಟು ಹೊತ್ತಿಗೆ ಒಂದು ಹಿಡಿಯಾಗಿತ್ತು. ತಳಕ್ಕೆ ಅಂಟಿದ ಕಂದು ಪದರವನ್ನು ಸೌಟಿನಲ್ಲಿ ಕೆರೆದು ಬಾಯಿಗಿಟ್ಟುಕೊಂಡೆ. ಸಿಹಿಯೂ ಹೌದು, ಕಹಿಯೂ ಹೌದು. ಆ ಪುಟ ಓದಿದಾಗಲೆಲ್ಲ ಒಲೆ ಹಚ್ಚೋಣ ಅನ್ನಿಸುವುದು ಇದಕ್ಕೇ.

ಬ್ರೆಡ್ ನಮ್ಮ ಬೀದಿಯ ಬೇಕರಿಯದು, ಸುಟ್ಟು ಹಾಕಿದರೂ ನಿಮಿಷದಲ್ಲಿ ಮುಳುಗಿತು. ಅತ್ತೆ ಎರಡನೇ ಬಟ್ಟಲು ಹಾಕಿಸಿಕೊಂಡು, ಮೆಣಸಿನಪುಡಿ ಜಾಸ್ತಿ ಬೇಕಿತ್ತು ಅಂದರು. ಮೇಲೆ ತುರಿಯಬೇಕಾದ ಸ್ವಿಸ್ ಚೀಸಿನ ಬೆಲೆ ಅಂಗಡಿಯಲ್ಲಿ ನೋಡಿ ಅಲ್ಲೇ ಇಟ್ಟು, ಮಕ್ಕಳ ಸ್ಯಾಂಡ್‌ವಿಚ್ಚಿನ ಚೀಸನ್ನೇ ತುರಿದಿದ್ದೆ. ಜೂಲಿಯಾ ಏನಂದುಕೊಂಡರೂ ಅಂದುಕೊಳ್ಳಲಿ.